ಮಜ್ಜಿಗೆಯಲ್ಲಿ ಹತ್ತು ಹನಿ

ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಗಾಣಗಾಪುರದ ಬೀದಿಗಿಳಿದರೆ ತಟ್ಟೆಯನ್ನೋ ಜೋಳಿಗೆಯನ್ನೋ ಹಿಡಿದವರು ಮನೆಮನೆಯ ಮುಂದೆ ನಿಂತಿರುವುದು ಕಾಣುತ್ತದೆ. ಪುಣೆಯಿಂದ ಸ್ವಂತ ಕಾರಿನಲ್ಲಿ ಬಂದವರೂ ಇರುತ್ತಾರೆ, ಸೊಲ್ಲಾಪುರದ ಕಡೆಯಿಂದ ರೈಲಿನಲ್ಲಿ ಬಂದು ಗಾಣಗಾಪುರ ರೋಡ್ ಸ್ಟೇಷನ್ನಿನಲ್ಲಿ ಇಳಿದು ಟಂಟಂ ಹತ್ತಿದವರೂ ಇರುತ್ತಾರೆ. ಇದಕ್ಕೆ ಮಾಧುಕರಿ ಎನ್ನುತ್ತಾರೆ. ಐದು ಮನೆಯಾದರೂ ಬೇಡಬೇಕು. ದತ್ತಾತ್ರೇಯ ಸ್ವತಃ ಈ ಹೊತ್ತಿನಲ್ಲಿ ಯಾವುದೋ ವೇಷ ಹಾಕಿಕೊಂಡು ಭಿಕ್ಷೆಗೆ ಬರುತ್ತಾನೆಂಬ ನಂಬಿಕೆ ಇರುವುದರಿಂದ ನೀಡುವವರು ಯಾರಿಗೆ ನೀಡುತ್ತಿದ್ದೇವೆಂದು ಕೇಳುವುದಿಲ್ಲ. ಬೇಡುವವರೂ ಯಾರ ಕೈಯಿಂದ ತಿನ್ನುತ್ತಿದ್ದೇವೆಂದು ನೋಡುವುದಿಲ್ಲ. ರೊಟ್ಟಿ, ಬ್ಯಾಳಿ, ಒಂದಿಷ್ಟು ಅನ್ನ. ಇದರಲ್ಲಿ ಏನು ಹಾಕಿದ್ದೀರಿ ಎಂದು ಯಾರೂ ಕೇಳಿದ್ದನ್ನು ನಾನು ಕಂಡಿಲ್ಲ.

ನನ್ನನ್ನು ಆ ಪ್ರಶ್ನೆ ಕೇಳಿದವಳು ಒಬ್ಬಳಿದ್ದಾಳೆ. ಅವಳ ಬಗ್ಗೆ ಬರೆಯಬೇಕೆಂದು ಬಹಳ ದಿನದಿಂದ ಅಂದುಕೊಂಡು ಮುಂದೂಡುತ್ತ ಬಂದೆ. ಗುರುತು ಹತ್ತಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ. ತಪ್ಪನ್ನು ಮಾತ್ರ ಬದಲಿಸಿಲ್ಲ, ಅದು ನನ್ನದು.

ನಾನು ಮನೋರೋಗ ವಿಭಾಗದಲ್ಲಿ ನರ್ಸ್. ನಮ್ಮ ಕಡೆಯ ಹಳೆಯ ಮಂದಿ ಇನ್ನೂ ನರ್ಸಬಾಯಿ ಎಂದೇ ಕರೆಯುತ್ತಾರೆ. ಉಳಿದ ವಾರ್ಡುಗಳ ನರ್ಸುಗಳಿಗೂ ನಮಗೂ ಇರುವ ದೊಡ್ಡ ವ್ಯತ್ಯಾಸ ಗುಳಿಗೆ ಕೊಟ್ಟ ಮೇಲೆ ಶುರುವಾಗುತ್ತದೆ. ಅವರು ಗುಳಿಗೆ ಕೊಟ್ಟು ಮುಂದಿನ ಮಂಚಕ್ಕೆ ಹೋಗುತ್ತಾರೆ. ನಾವು ನಿಂತು, "ಬಾಯಿ ತೆರೀರಿ, ನಾಲಿಗಿ ಎತ್ರಿ" ಎನ್ನಬೇಕು. ಕೆನ್ನೆಯ ಸಂದಿಯಲ್ಲಿ ಗುಳಿಗೆ ಇಟ್ಟುಕೊಂಡು, ನಾವು ಹೋದ ಮೇಲೆ ಕಿಟಕಿಯಿಂದ ಉಗುಳುವವರು ಬಹಳ. ಅವರನ್ನು ಹಿಡಿದಾಗ ನಮಗೆ ಒಂದು ಬಗೆಯ ಗೆಲುವು ಅನ್ನಿಸುತ್ತದೆ. ಹೇಳಿಕೊಳ್ಳಲು ನಾಚಿಕೆಯಾಗುವ ಗೆಲುವು ಅದು. ನಾನು ಹೇಳುತ್ತಿರುವುದು ಆಸ್ಪತ್ರೆಯ ಹೊರಗೆ, ಮನೆಯೊಳಗೆ ನಡೆಯುವ ಮಾತು. ಅಲ್ಲಿ ನಾಲಿಗೆ ಎತ್ತಿಸುವವರು ಯಾರೂ ಇಲ್ಲ.

ಆ ಹುಡುಗಿಗೆ ಇಪ್ಪತ್ತಮೂರೋ ಇಪ್ಪತ್ನಾಲ್ಕೋ ಇರಬೇಕು. ಊರು ಜೇವರ್ಗಿ ಕಡೆಯದು. ಅಣ್ಣನ ಹೆಂಡತಿ ತನ್ನ ಊಟದಲ್ಲಿ ಏನೋ ಹಾಕುತ್ತಿದ್ದಾಳೆಂದು ಅವಳ ದೃಢವಾದ ನಂಬಿಕೆ. ಮೊದಲು ಅತ್ತಿಗೆ ಮಾಡಿದ ಪಲ್ಯ ಬಿಟ್ಟಳು, ಆಮೇಲೆ ಬ್ಯಾಳಿ ಬಿಟ್ಟಳು, ಕಡೆಗೆ ತಾಯಿ ಬಡಿದ ರೊಟ್ಟಿ ಮತ್ತು ತಾಯಿ ಕಡೆದ ಮಜ್ಜಿಗೆ ಮಾತ್ರ ಉಳಿದವು. ರಾತ್ರಿ ಮಲಗುತ್ತಿರಲಿಲ್ಲ. ಗೋಡೆಯಾಚೆ ತನ್ನ ಬಗ್ಗೆ ಮಾತಾಡುವವರ ದನಿ ಕೇಳುತ್ತಿತ್ತು. ತಾಯಿ ಮತ್ತು ಅಣ್ಣ ಕರೆದುಕೊಂಡು ಬಂದಾಗ ಅವಳು ಕುರ್ಚಿಯ ತುದಿಯಲ್ಲಿ ಕೂತು, ಹೊರಗೆ ಹೋಗುವ ಬಾಗಿಲನ್ನೇ ನೋಡುತ್ತಿದ್ದಳು. ಡಾಕ್ಟರು ಹ್ಯಾಲೊಪೆರಿಡಾಲ್ ಹನಿಯ ಬಾಟಲಿಯನ್ನೂ ಅದರ ಜೊತೆಗೊಂದು ಗುಳಿಗೆಯನ್ನೂ ಬರೆದರು. ಹೊರಗೆ ಸಾಲು ಉದ್ದವಿತ್ತು. ವರಾಂಡದಲ್ಲಿ ತಾಯಿ ನನ್ನ ಸೆರಗು ಹಿಡಿದು ನಿಲ್ಲಿಸಿದಳು.

"ಔಷಧ ಅಂದ್ರ ಬಾಯೇ ತೆರಿಯಂಗಿಲ್ರೀ ಇಕಿ. ಹ್ಯಾಂಗ ಕೊಡ್ಲಿ?"

"ಮಜ್ಜಿಗ್ಯಾಗ ಹಾಕಿ ಕೊಡ್ರಿ ಯವ್ವಾ. ಇದಕ್ಕ ಬಣ್ಣಿಲ್ಲ, ವಾಸನಿಲ್ಲ. ಇಕಿಗಿ ಗೊತ್ತಾಗಂಗಿಲ್ಲ."

ಅಷ್ಟೇ ಮಾತು. ಅರ್ಧ ನಿಮಿಷವೂ ಆಗಿರಲಿಕ್ಕಿಲ್ಲ. ಅಂಥ ಮಾತನ್ನು ಅದಕ್ಕೆ ಮೊದಲು ಎಷ್ಟು ಜನ ತಾಯಂದಿರಿಗೆ ಹೇಳಿದ್ದೆನೋ ಲೆಕ್ಕವಿಟ್ಟಿಲ್ಲ. ಚೆನ್ನೈನ ಸ್ಕಾರ್ಫ್ ಸಂಸ್ಥೆಯ ವೈದ್ಯರು 2002ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ, ಸ್ಕಿಜೋಫ್ರೇನಿಯಾ ಇರುವವರ ಮನೆಯವರು ಔಷಧವನ್ನು ಹೀಗೆ ಬಚ್ಚಿಟ್ಟು ಕೊಡುವುದು ನಮ್ಮಲ್ಲಿ ಎಷ್ಟು ಸಾಮಾನ್ಯ ಎಂಬುದನ್ನೇ ಕುರಿತದ್ದು. ಅದನ್ನು ಓದಿದಾಗ ನನಗೆ ಆಶ್ಚರ್ಯವಾಗಲಿಲ್ಲ. ಇದನ್ನೂ ಅಧ್ಯಯನ ಮಾಡುತ್ತಾರಾ ಅನ್ನಿಸಿತು. ನಮಗೆ ಅದು ಕೆಮ್ಮಿಗೆ ಬಿಸಿನೀರು ಕುಡಿಯಿರಿ ಎಂದು ಹೇಳಿದ ಹಾಗೆ.

ಮುಂದಿನ ವಾರ ಹುಣ್ಣಿಮೆ. ನಮ್ಮ ತಾಯಿಯದು ಗುರುಚರಿತ್ರೆ ಪಾರಾಯಣದ ಹರಕೆ ಇತ್ತು. ಭೀಮಾ ಮತ್ತು ಅಮರಜಾ ಕೂಡುವ ಸಂಗಮದಲ್ಲಿ ಸ್ನಾನ, ಅಲ್ಲಿಯ ಔದುಂಬರದ ಕೆಳಗೆ ಪಾರಾಯಣ, ಆಮೇಲೆ ಊರೊಳಗೆ ಬಂದು ನರಸಿಂಹ ಸರಸ್ವತಿಯವರ ಪಾದುಕೆಗಳ ದರ್ಶನ. ಮಹಾಮಂಗಳಾರತಿಗೆ ಸರಿಯಾಗಿ ಗುಡಿ ಸೇರಿದೆವು. ಆ ಹೊತ್ತಿನ ಗಾಣಗಾಪುರವನ್ನು ನೋಡದವರಿಗೆ ಹೇಳಿ ತಿಳಿಸುವುದು ಕಷ್ಟ. ಗಂಟೆ, ಜಾಗಟೆ ಶುರುವಾದ ಕೂಡಲೇ ಮಂದಿಯ ನಡುವಿನಿಂದ ಒಬ್ಬೊಬ್ಬರು ಕಿರುಚುತ್ತ ಎದ್ದು ಬರುತ್ತಾರೆ. ಕೆಲವರು ಕೂದಲು ಬಿಚ್ಚಿ ತಲೆ ತಿರುಗಿಸುತ್ತಾರೆ, ಕೆಲವರು ಕಂಬ ಹತ್ತುತ್ತಾರೆ, ಕೆಲವರು "ಬಿಡು, ಹೋಗ್ತೀನಿ ಬಿಡು" ಎಂದು ಅಳುತ್ತಾರೆ. ಆರತಿ ಮುಗಿದರೆ ಸೀರೆ ಸರಿಮಾಡಿಕೊಂಡು, ಮಗ್ಗುಲಿನವರ ಹತ್ತಿರ ನೀರು ಇಸಿದುಕೊಂಡು ಕುಡಿಯುತ್ತಾರೆ. ಯಾರೂ ಅವರನ್ನು ಮತ್ತೆ ಮತ್ತೆ ನೋಡುವುದಿಲ್ಲ. ನಮ್ಮ ಆಸ್ಪತ್ರೆಯ ವರಾಂಡದಲ್ಲಿ ಒಬ್ಬರು ಹಾಗೆ ಕೂಗಿದರೆ ಸಾಲಿನಲ್ಲಿರುವವರೆಲ್ಲ ತಿರುಗಿ ನೋಡುತ್ತಾರೆ. ಈ ಹೋಲಿಕೆ ನನ್ನನ್ನು ಯಾವಾಗಲೂ ಚುಚ್ಚುತ್ತದೆ.

ಅಂದು ಆ ಗದ್ದಲದಲ್ಲಿ ಕೂಗದೆ ಇದ್ದವಳು ಒಬ್ಬಳೇ. ತಾಯಿಯ ತೊಡೆಗೆ ಒರಗಿದ್ದಳು. ಕುತ್ತಿಗೆ ಒಂದು ಕಡೆಗೆ ಹಿಂಡಿದ ಹಾಗೆ ತಿರುಗಿತ್ತು, ಕಣ್ಣುಗುಡ್ಡೆ ಮೇಲಕ್ಕೆ ನಿಂತಿದ್ದವು, ನಾಲಿಗೆ ಹೊರಗೆ ಬಂದು ಒಳಗೆ ಹೋಗುತ್ತಿರಲಿಲ್ಲ, ಜೊಲ್ಲು ಸುರಿಯುತ್ತಿತ್ತು. ಪಕ್ಕದವರು ಇದು ಬಹಳ ಜಬರದಸ್ತ್ ದೆವ್ವ, ಮಾತಾಡಲಿಕ್ಕೂ ಬಿಡುತ್ತಿಲ್ಲ ಎನ್ನುತ್ತಿದ್ದರು. ನನಗೆ ಅದು ಏನೆಂದು ನೋಡಿದ ಕೂಡಲೇ ಗೊತ್ತಾಯಿತು. ಡಿಸ್ಟೋನಿಯ. ಹ್ಯಾಲೊಪೆರಿಡಾಲ್‌ನಂಥ ಔಷಧ ಶುರುಮಾಡಿದ ಮೊದಲ ಕೆಲವು ದಿನಗಳಲ್ಲಿ, ಅದರಲ್ಲೂ ಚಿಕ್ಕ ವಯಸ್ಸಿನವರಲ್ಲಿ, ಸ್ನಾಯುಗಳು ಹೀಗೆ ಹಿಡಿದುಕೊಳ್ಳುತ್ತವೆ. ಪ್ರಜ್ಞೆ ಪೂರ್ತಿ ಇರುತ್ತದೆ. ತನ್ನ ಕುತ್ತಿಗೆಯನ್ನು ಯಾರೋ ತಿರುವುತ್ತಿದ್ದಾರೆಂದು ಅನ್ನಿಸುತ್ತಿರುತ್ತದೆ, ಯಾರೂ ಕಾಣುವುದಿಲ್ಲ.

ತಾಯಿ ನನ್ನನ್ನು ಗುರುತು ಹಿಡಿದಳು. "ನೀವಂದಾಂಗೇ ಮಜ್ಜಿಗ್ಯಾಗ ಹಾಕೀನ್ರಿ ನರ್ಸಬಾಯಿ" ಎಂದಳು. ಹತ್ತು ಹನಿ ಹೇಳಿದ್ದೆವು. ಎರಡು ದಿನವಾದರೂ ಮಗಳು ಮಲಗದ್ದು ನೋಡಿ ತಾನೇ ಇನ್ನೊಂದಿಷ್ಟು ಹೆಚ್ಚು ಮಾಡಿದ್ದಳು. ಜೊತೆಗೆ ಕೊಟ್ಟ ಗುಳಿಗೆಯನ್ನು ಅರೆದು ಹಾಕಿದರೆ ಲೋಟದ ತಳದಲ್ಲಿ ಪುಡಿ ನಿಂತು ಕಾಣುತ್ತದೆಂದು ಬಿಟ್ಟೇ ಬಿಟ್ಟಿದ್ದಳು. ಆ ಗುಳಿಗೆ ಇದ್ದದ್ದೇ ಹೀಗೆ ಕುತ್ತಿಗೆ ಹಿಡಿಯಬಾರದೆಂದು. ಅದನ್ನು ನಾನು ಹೇಳಿರಲಿಲ್ಲ. ಗೊತ್ತಾಗದ ಹಾಗೆ ಕೊಡುವುದನ್ನು ಕಲಿಸಿದ್ದೆ, ಏನು ಕೊಡುತ್ತಿದ್ದೀರಿ ಎಂಬುದನ್ನು ಕಲಿಸಿರಲಿಲ್ಲ.

ಟಂಟಂನಲ್ಲಿ ಕೂರಿಸಿಕೊಂಡು ಹತ್ತಿರದ ದವಾಖಾನೆಗೆ ಹೋದೆವು. ಅಲ್ಲಿಯ ಡಾಕ್ಟರು ಫೆನರ್ಗಾನ್ ಸೂಜಿ ಹಾಕಿದರು. ಅರ್ಧ ತಾಸಿನೊಳಗೆ ಕುತ್ತಿಗೆ ಮೆಲ್ಲಗೆ ನೆಟ್ಟಗಾಯಿತು. ಜೊತೆಗೆ ಬಂದಿದ್ದ ಅಣ್ಣ ಕೈಮುಗಿದು "ಸ್ವಾಮಿ ಬಿಡಿಸಿದ" ಎಂದ. ನಾನು ಬಾಯಿ ಮುಚ್ಚಿಕೊಂಡಿದ್ದೆ. ನಿಜ ಹೇಳುವುದಾದರೆ ಅವನ ಮಾತು ಆ ಕ್ಷಣಕ್ಕೆ ನನಗೆ ಅನುಕೂಲವಾಗಿತ್ತು.

ಹುಡುಗಿ ಸ್ವಲ್ಪ ಹೊತ್ತು ನಾಲಿಗೆಯನ್ನು ಬಾಯೊಳಗೆ ಆಡಿಸಿ ನೋಡಿಕೊಂಡಳು. ಆಮೇಲೆ ನನ್ನನ್ನು ನೇರವಾಗಿ ಕೇಳಿದಳು, "ನನಗ ಏನಾಗಿತ್ತು?"

ತಾಯಿ ಅವಳ ಬೆನ್ನ ಹಿಂದಿನಿಂದ ಕೈಯಾಡಿಸಿ ಬೇಡ ಎಂದು ಸನ್ನೆ ಮಾಡಿದಳು. ನಾನು ಅರ್ಧ ನಿಜ ಹೇಳಿದೆ. "ಒಂದು ಔಷಧದ ಪರಿಣಾಮ ತಂಗಿ. ಈಗ ಇಳಿದದ."

"ಯಾವ ಔಷಧ? ನಾ ಗುಳಗಿ ಮುಟ್ಟೇ ಇಲ್ಲ."

ನಾನು ಸುಮ್ಮನಿದ್ದೆ. ಅವಳು ತಾಯಿಯ ಕಡೆ ತಿರುಗಿದಳು. ತಾಯಿ ನೆಲ ನೋಡುತ್ತಿದ್ದಳು.

"ಹಂಗಾದ್ರ ನಾ ಅಂದಿದ್ದು ಖರೇನೇ ಇತ್ತಲ್ಲ," ಎಂದಳು. ಸಿಟ್ಟಿನ ದನಿಯಲ್ಲ. ಲೆಕ್ಕ ತಾಳೆಯಾದಾಗ ಹೇಳುವ ದನಿ. "ಊಟದಾಗ ಏನೋ ಹಾಕ್ಲಕತ್ತಾರ ಅಂದಿದ್ದೆ. ನನಗ ಹುಚ್ಚಿ ಅಂದ್ರಿ."

ಸುಳ್ಳಿನ ಬಗ್ಗೆ ನಾವೆಲ್ಲ ಚಿಕ್ಕಂದಿನಿಂದ ಒಂದಿಷ್ಟು ಕಥೆ ಕೇಳಿಕೊಂಡು ಬಂದವರು. ಹರಿಶ್ಚಂದ್ರ ಹೆಂಡತಿ ಮಕ್ಕಳನ್ನು ಮಾರಿದ, ಸುಳ್ಳಾಡಲಿಲ್ಲ. ಧರ್ಮರಾಯ ದ್ರೋಣರ ಮುಂದೆ ಒಂದು ಅರ್ಧ ಸುಳ್ಳು ಹೇಳಿದ, ನೆಲದಿಂದ ನಾಲ್ಕು ಅಂಗುಲ ಮೇಲೆ ಓಡುತ್ತಿದ್ದ ಅವನ ರಥ ನೆಲಕ್ಕಿಳಿಯಿತು. ಜರ್ಮನಿಯ ಕಾಂಟ್ 1797ರಲ್ಲಿ ಬರೆದ ಒಂದು ಪುಟ್ಟ ಲೇಖನದಲ್ಲಿ, ಕೊಲೆಗಾರ ಬಾಗಿಲಿಗೆ ಬಂದು ನಿನ್ನ ಗೆಳೆಯ ಒಳಗಿದ್ದಾನಾ ಎಂದು ಕೇಳಿದರೂ ಸುಳ್ಳಾಡುವ ಹಕ್ಕು ನಿನಗಿಲ್ಲ ಎನ್ನುತ್ತಾನೆ. ಓದಿದವರೆಲ್ಲ ಇದು ಅತಿಯಾಯಿತು ಎನ್ನುತ್ತಾರೆ. ನನಗೂ ಹಾಗೇ ಅನ್ನಿಸಿತ್ತು. ಆದರೆ ಈ ಕಥೆಗಳಲ್ಲಿ ಸುಳ್ಳು ಹೇಳುವುದು ಅಥವಾ ಹೇಳದಿರುವುದು ಶತ್ರುವಿಗೆ, ಗುರುವಿಗೆ, ಲೋಕಕ್ಕೆ. ಯಾರಿಗೆ ಒಳ್ಳೆಯದಾಗಲೆಂದು ಸುಳ್ಳು ಹೇಳುತ್ತೇವೋ ಅವರಿಗೇ ಹೇಳುವ ಸುಳ್ಳಿನ ಕಥೆ ನನಗೆ ಅಲ್ಲಿ ಸಿಗಲಿಲ್ಲ. ಅದು ತಾಯಂದಿರ ಸುಳ್ಳು. ಮಗುವಿಗೆ ಬೆಲ್ಲದಲ್ಲಿ ಕಹಿ ಔಷಧ ಇಟ್ಟು ಕೊಡುವ ಸುಳ್ಳನ್ನು ಯಾವ ಧರ್ಮರಾಯನ ಲೆಕ್ಕಕ್ಕೂ ಯಾರೂ ಸೇರಿಸುವುದಿಲ್ಲ.

ಮಗುವಿನ ಹೋಲಿಕೆ ಇಲ್ಲಿ ಎಲ್ಲಿಯವರೆಗೆ ನಡೆಯುತ್ತದೆ ಎಂಬುದೇ ನನ್ನ ಪ್ರಶ್ನೆ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ಆ ಹೋಲಿಕೆಯನ್ನು ಒಪ್ಪುವುದಿಲ್ಲ. ಕಾಯಿಲೆ ಇದೆ ಎಂದ ಮಾತ್ರಕ್ಕೆ ನಿರ್ಧರಿಸುವ ಶಕ್ತಿ ಇಲ್ಲವೆಂದು ಭಾವಿಸಬಾರದು ಎಂಬ ನೆಲೆಯಿಂದಲೇ ಅದು ಹೊರಡುತ್ತದೆ. ಮುಂದೆ ತನಗೆ ಕಾಯಿಲೆ ಜೋರಾದರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮೊದಲೇ ಬರೆದಿಡಬಹುದು ಎನ್ನುತ್ತದೆ. ಸರಪಳಿ ಹಾಕುವುದನ್ನು ಯಾವ ರೂಪದಲ್ಲೂ ಕೂಡದೆಂದು ನಿಷೇಧಿಸುತ್ತದೆ. ಆ ಸಾಲಿನ ಹಿಂದೆ 2001ರ ಆಗಸ್ಟ್ 6ರ ನೆನಪಿದೆ. ಅಂದು ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾಕ್ಕೆ ಬಂದವರನ್ನು ಇಟ್ಟುಕೊಳ್ಳುತ್ತಿದ್ದ ಒಂದು ಶೆಡ್ಡಿಗೆ ಬೆಂಕಿ ಬಿದ್ದು, ಸರಪಳಿಯಲ್ಲಿದ್ದವರು ಓಡಲಾಗದೆ 28 ಜನ ಸತ್ತರು. ಆದರೆ ಮಜ್ಜಿಗೆಯಲ್ಲಿ ಹಾಕುವ ಹನಿಯ ಬಗ್ಗೆ ಹೆಸರೆತ್ತಿ ಹೇಳುವ ಕಲಮು ಆ ಕಾಯ್ದೆಯಲ್ಲಿಲ್ಲ. ಸರಪಳಿ ಕಣ್ಣಿಗೆ ಕಾಣುತ್ತದೆ. ಹನಿ ಕಾಣುವುದಿಲ್ಲ.

ಇಲ್ಲಿ ನನ್ನ ವಿರುದ್ಧವೇ ನಿಲ್ಲುವ ಒಂದು ಸಂಗತಿ ಹೇಳಬೇಕು. ಇಲ್ಲವಾದರೆ ಈ ಬರಹ ಸುಲಭವಾಗಿಬಿಡುತ್ತದೆ.

ನಮ್ಮಲ್ಲಿಗೆ ಬರುವ ಒಬ್ಬ ಯಜಮಾನರು ಮಗನಿಗೆ ಹಲವು ವರ್ಷಗಳಿಂದ ಹೀಗೇ ಗುಳಿಗೆ ಅರೆದು ಬ್ಯಾಳಿಯಲ್ಲಿ ಕಲಸಿ ಕೊಡುತ್ತ ಬಂದಿದ್ದರು. ಹಿಂದೊಮ್ಮೆ ಅವನನ್ನು ದನದ ಕೊಟ್ಟಿಗೆಯ ಗೂಟಕ್ಕೆ ಕಟ್ಟಿದ್ದರಂತೆ. ಕೊಡಲಿ ಹಿಡಿದು ಓಣಿಗಿಳಿದಿದ್ದ. ದೊಡ್ಡ ಆಸ್ಪತ್ರೆ ದೂರ. ಕರೆದೊಯ್ಯಲು ನಾಲ್ಕು ಜನ ಬೇಕು, ಗಾಡಿ ಬೇಕು, ಉಳಿಯಲು ಒಬ್ಬರು ಬೇಕು, ಅಷ್ಟು ದಿನ ಹೊಲ ಯಾರು ನೋಡಬೇಕು? ಗುಳಿಗೆ ಶುರುವಾದ ಮೇಲೆ ಗೂಟ ಬಿಟ್ಟಿತು. ಮಗ ಈಗ ತೊಗರಿ ರಾಶಿ ಮಾಡುತ್ತಾನೆ, ಸಂತೆಗೆ ಹೋಗುತ್ತಾನೆ. ತನಗೇನೂ ಆಗೇ ಇಲ್ಲ ಎನ್ನುತ್ತಾನೆ. "ಗೂಟಾನೋ ಗುಳಗಿನೋ, ನೀವೇ ಹೇಳ್ರಿ" ಎಂದು ಆ ಯಜಮಾನರು ನನ್ನನ್ನು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಗುಳಿಗೆ ಅಂತಲೇ ಹೇಳುತ್ತೇನೆ. ಇಂದಿಗೂ.

ಆದರೆ ಕಥೆ ಅಲ್ಲಿಗೆ ನಿಲ್ಲಲಿಲ್ಲ. ಅವನಿಗೆ ಮದುವೆ ಮಾಡಿದರು. ಮದುವೆಯಾದ ಮೂರನೆಯ ದಿನ ಅತ್ತೆ ಸೊಸೆಯನ್ನು ಒಳಗೆ ಕರೆದು, ಜೋಳದ ಚೀಲದ ಹಿಂದಿನ ಡಬ್ಬಿ ತೋರಿಸಿ, ಇನ್ನು ಮುಂದೆ ಇದು ನಿನ್ನ ಕೆಲಸ ಎಂದಳಂತೆ. ಆ ಹುಡುಗಿ ಒಬ್ಬಳೇ ಬಸ್ಸು ಹಿಡಿದು ನಮ್ಮಲ್ಲಿಗೆ ಬಂದಿದ್ದಳು. ಡಬ್ಬಿಯಿಂದ ಒಂದು ಗುಳಿಗೆ ತೆಗೆದು ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡಿದ್ದಳು. ಬಿಚ್ಚಿ ಮೇಜಿನ ಮೇಲಿಟ್ಟು, "ನಾ ನನ್ನ ಗಂಡಗ ಏನು ಉಣಸ್ಲಕತ್ತೀನಿ, ಇಷ್ಟು ಹೇಳ್ರಿ" ಎಂದಳು. ಯಜಮಾನರ ಲೆಕ್ಕದಲ್ಲಿ ಒಬ್ಬ ಮಗ ಇದ್ದ, ಒಂದು ಗೂಟ ಇತ್ತು. ಈ ಹೆಂಗಸು ಆ ಲೆಕ್ಕದಲ್ಲಿ ಇರಲೇ ಇಲ್ಲ. ಸುಳ್ಳನ್ನು ದಿನಾ ಕಲಸಬೇಕು, ಕಲಸಲು ಯಾರದಾದರೂ ಕೈ ಬೇಕು, ಒಂದು ಕೈ ಸೋತರೆ ಇನ್ನೊಂದು ಕೈಗೆ ದಾಟಿಸಬೇಕು. ನಮ್ಮ ಮನೆಗಳಲ್ಲಿ ಆ ಕೈ ಹೆಚ್ಚಾಗಿ ಹೆಂಗಸಿನದು.

ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಎಂಬುವರು 1950ರ ದಶಕದಲ್ಲಿ ರೋಗಿಗಳ ಮನೆಯವರನ್ನೂ ಆವರಣದಲ್ಲೇ ಡೇರೆ ಹಾಕಿಸಿ ಇರಿಸಿಕೊಂಡರು. ಮನೆಯವರೇ ಆರೈಕೆ ಕಲಿತರು, ರೋಗಿಗಳು ಬೇಗ ಮನೆ ಸೇರಿದರು. ನಮ್ಮ ದೇಶದಲ್ಲಿ ಮನೋರೋಗದ ದೊಡ್ಡ ನರ್ಸು ಎಂದರೆ ಮನೆಯೇ ಎಂಬ ಮಾತು ಆಗ ನಿಂತದ್ದು ಇವತ್ತಿಗೂ ನಿಂತಿದೆ. ಬಳ್ಳಾರಿ ಜಿಲ್ಲೆಯಲ್ಲಿ 1985ರಿಂದ ನಿಮ್ಹಾನ್ಸ್ ನಡೆಸಿದ ಪ್ರಯೋಗ, ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಬ್ಬಂದಿಯೇ ಈ ಕಾಯಿಲೆಗಳನ್ನು ಗುರುತಿಸಿ ಔಷಧ ಕೊಡಬಹುದೆಂದು ತೋರಿಸಿತು. ಮುಂದೆ ದೇಶಕ್ಕೆಲ್ಲ ಹಬ್ಬಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಔಷಧ ತಾಲೂಕಿಗೆ ಬಂತು, ಒಳ್ಳೆಯದಾಯಿತು. ಔಷಧದ ಜೊತೆಗೆ ಬರಬೇಕಾದ ಮಾತು ಬರಲಿಲ್ಲ. ಮಾತಿಗೆ ಸಮಯ ಬೇಕು. ನಾನು ವರಾಂಡದಲ್ಲಿ ಆ ತಾಯಿಗೆ ಕೊಟ್ಟದ್ದು ಸಮಯವಿಲ್ಲದವರು ಕೊಡುವ ಉತ್ತರ.

ಗುಡಿಯಲ್ಲಿ ಸಮಯ ಇರುತ್ತದೆ. ಇದನ್ನು ದೇವರ ಪರವಾಗಿ ಹೇಳುತ್ತಿಲ್ಲ. ನಿಮ್ಹಾನ್ಸಿನ ಡಾ. ರಘುರಾಮ್ ಮತ್ತು ಜೊತೆಗಾರರು 2002ರ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ತಮಿಳುನಾಡಿನ ಒಂದು ಗುಡಿಯ ಬಗ್ಗೆ ಬರೆದಿದ್ದರು. ಅಲ್ಲಿ ಬಂದು ಉಳಿದ 31 ಜನ ತೀವ್ರ ಕಾಯಿಲೆಯವರ ಲಕ್ಷಣಗಳು ಔಷಧವಿಲ್ಲದೆ, ಮಂತ್ರ ತಂತ್ರವೂ ಇಲ್ಲದೆ, ಸರಾಸರಿ ಸುಮಾರು ಶೇಕಡಾ 20ರಷ್ಟು ಕಡಿಮೆಯಾಗಿದ್ದವು. ಕಸ ಗುಡಿಸುವುದು, ಗಿಡಕ್ಕೆ ನೀರು ಹಾಕುವುದು, ಯಾರೂ ಹೆದರದೆ ಜೊತೆಗಿರುವುದು. ಆ ಲೇಖನ ಜಗಳಕ್ಕೂ ಕಾರಣವಾಯಿತು, ಅದು ಸಹಜ. ಗುಡಿಯಿಂದ ಕಾಯಿಲೆ ಹೋಗುತ್ತದೆಂದು ನಾನು ಯಾರಿಗೂ ಹೇಳುವುದಿಲ್ಲ. ಔಷಧ ಬಿಟ್ಟು ಗುಡಿ ಸುತ್ತಿ ಕೆಟ್ಟವರನ್ನು ಬೇಕಾದಷ್ಟು ನೋಡಿದ್ದೇನೆ. ಆದರೆ ಅಂದು ಗಾಣಗಾಪುರದಲ್ಲಿ ಆ ಹುಡುಗಿಗೆ ಗುಡಿ ಸುಳ್ಳು ಹೇಳಿರಲಿಲ್ಲ. ದೆವ್ವ ಎಂದು ತಪ್ಪು ಹೇಳಿತ್ತು, ನಂಬಿ ಹೇಳಿತ್ತು. ಗೊತ್ತಿದ್ದೂ ಬೇರೆ ಹೇಳಿದವಳು ನಾನು. ತಪ್ಪಿಗೂ ಸುಳ್ಳಿಗೂ ಇರುವ ಅಂತರ ನನಗೆ ಅಲ್ಲಿಯವರೆಗೆ ಪುಸ್ತಕದ ಮಾತಾಗಿತ್ತು.

ಬಲವಂತದ ಬಗ್ಗೆಯೂ ನಾನು ಯೋಚಿಸಿದ್ದೇನೆ. ನಾಲ್ಕು ಜನ ಹಿಡಿದು ಸೂಜಿ ಹಾಕುವುದು ನೋಡಲು ಬಹಳ ಕೆಟ್ಟದು. ನನ್ನ ಕೈಗೆ ಕಚ್ಚಿದ ಗುರುತು ಇನ್ನೂ ಇದೆ. ಆದರೆ ಕಚ್ಚಿದವರಿಗೆ ಯಾರನ್ನು ಕಚ್ಚುತ್ತಿದ್ದೇವೆಂದು ಗೊತ್ತಿತ್ತು. ಗುಣವಾದ ಮೇಲೆ ಒಬ್ಬರು ಬಂದು "ಅವತ್ತು ನೀವು ಮಾಡಿದ್ದು ನಂಗ ಸರಿ ಅನಸ್ಲಿಲ್ಲ" ಎಂದು ಬೈದು, ಚಹಾ ಕುಡಿದು ಹೋದರು. ಮಜ್ಜಿಗೆ ಕುಡಿದವರು ಯಾರನ್ನು ಬೈಯಬೇಕು? ಬಾಯಿ ಒಣಗಿದರೆ, ಕೈ ನಡುಗಿದರೆ, ಕಾಲು ಒಂದೆಡೆ ನಿಲ್ಲದಿದ್ದರೆ ಯಾಕೆಂದು ಕೇಳಲಾರರು, ಔಷಧ ತೆಗೆದುಕೊಳ್ಳುತ್ತಿದ್ದೇವೆಂದೇ ಗೊತ್ತಿಲ್ಲವಲ್ಲ. ಮೈಯಲ್ಲಿ ಆಗುತ್ತಿರುವುದಕ್ಕೆ ಕಾರಣ ಬೇಕು. ನಿಜವಾದ ಕಾರಣವನ್ನು ನಾವು ಬಚ್ಚಿಟ್ಟಿರುತ್ತೇವೆ. ಉಳಿದದ್ದು ಮಾಟ, ಗಾಳಿ, ಅತ್ತಿಗೆ. ಅವರ ಭ್ರಮೆಗೆ ಸೌದೆ ಹಾಕುವವರು ನಾವೇ. ಗುಣವಾದರೂ ಕಷ್ಟವೇ, ಔಷಧವಿಲ್ಲದೇ ಗುಣವಾಯಿತೆಂದು ತಿಳಿದು ಮುಂದೆ ಯಾವತ್ತೂ ಔಷಧ ಮುಟ್ಟುವುದಿಲ್ಲ.

ಆ ಹುಡುಗಿಯ ವಿಷಯಕ್ಕೆ ಬರುತ್ತೇನೆ. ಅಂದಿನಿಂದ ಅವಳು ಮನೆಯ ಊಟ ಪೂರ್ತಿ ಬಿಟ್ಟಳು. ಬೇರೆ ಒಲೆ ಹೂಡಿ ತಾನೇ ರೊಟ್ಟಿ ಬಡಿದುಕೊಂಡಳು. ಮಜ್ಜಿಗೆ ಮುಟ್ಟಲಿಲ್ಲ. ಎರಡು ತಿಂಗಳು ಯಾವ ಔಷಧವೂ ಇರಲಿಲ್ಲ. ಕಾಯಿಲೆ ಏರಿತು. ನಾನು ಮೂರು ಸಲ ಅವರ ಮನೆಗೆ ಹೋದೆ. ಮೊದಲ ಸಲ ಬಾಗಿಲು ಹಾಕಿಕೊಂಡಳು. ಎರಡನೆಯ ಸಲ ಹೊಸ್ತಿಲಲ್ಲಿ ಕೂತು, ಮಜ್ಜಿಗೆಯಲ್ಲಿ ಹಾಕಲು ಹೇಳಿದ್ದು ನಿನ್ನ ತಾಯಿಯ ಬುದ್ಧಿಯಲ್ಲ, ನನ್ನದು, ತಪ್ಪಾಯಿತು ಎಂದೆ. ಒಳಗಿಂದ ಏನೂ ಕೇಳಿಸಲಿಲ್ಲ. ಮೂರನೆಯ ಸಲ ಹೊರಗೆ ಬಂದು, ಆ ಬಾಟಲಿ ತೋರಿಸಲು ಹೇಳಿದಳು. ತಾಯಿ ತಂದು ಕೊಟ್ಟಳು. ಬಹಳ ಹೊತ್ತು ಅದರ ಮೇಲಿನ ಅಕ್ಷರ ಓದಿದಳು. ಬೆರಳಿಗೆ ಒಂದು ಹನಿ ಬಿಟ್ಟುಕೊಂಡು ನೆಕ್ಕಿ ನೋಡಿದಳು.

"ಖರೇನೇ ರುಚಿ ಇಲ್ಲ" ಎಂದಳು.

ಅವಳು ಒಪ್ಪಿದ್ದು ತಿಂಗಳಿಗೊಮ್ಮೆಯ ಸೂಜಿಗೆ. ಬೇರೆ ಔಷಧ, ಡಾಕ್ಟರು ಕೂತು ಮಾತಾಡಿ ಬರೆದದ್ದು. ಸೂಜಿಯೇ ಯಾಕೆ ಎಂದು ಕೇಳಿದೆ. "ಸೂಜಿ ಕಣ್ಣಿಗಿ ಕಾಣ್ತದ" ಎಂದಳು. ಬಂದಾಗಲೆಲ್ಲ ಔಷಧದ ಸೀಸೆಯನ್ನು ಕೈಗೆ ತೆಗೆದುಕೊಂಡು ಹೆಸರು ಓದುತ್ತಾಳೆ, ತಾರೀಖು ಓದುತ್ತಾಳೆ, ಆಮೇಲೆ ನನಗೆ ವಾಪಸ್ಸು ಕೊಟ್ಟು ಪಕ್ಕಕ್ಕೆ ತಿರುಗಿ ನಿಲ್ಲುತ್ತಾಳೆ. ಅವಳ ಹಿಂದೆ ಸಾಲು ಇರುತ್ತದೆ. ಅವಳು ಓದಿ ಮುಗಿಸುವವರೆಗೆ ನಾನು ಕಾಯುತ್ತೇನೆ. ಒಂದೆರಡು ತಿಂಗಳು ಬರುವುದನ್ನು ತಪ್ಪಿಸಿದ್ದೂ ಇದೆ. ದನಿಗಳು ಪೂರ್ತಿ ಹೋಗಿಲ್ಲ, ದೂರ ಸರಿದಿವೆ ಎನ್ನುತ್ತಾಳೆ.

ವರಾಂಡದಲ್ಲಿ ಸೆರಗು ಹಿಡಿಯುವ ತಾಯಂದಿರು ಈಗಲೂ ಇದ್ದಾರೆ. ಒಂದು ಸಲ ಮಗಳ ಮುಂದೆಯೇ ಹೇಳಿ ನೋಡಿ, ಬೈಸಿಕೊಳ್ಳಿ, ಮತ್ತೆ ಹೇಳಿ ಎನ್ನುತ್ತೇನೆ. ಕೊಡಲಿ, ಗೂಟದ ಮಾತು ಬಂದರೆ ಡಾಕ್ಟರ ಹತ್ತಿರ ಮತ್ತೆ ಕರೆದೊಯ್ದು ಕೂರಿಸುತ್ತೇನೆ. ಕೆಲವರಿಗೆ ಡಾಕ್ಟರು ಬಚ್ಚಿಟ್ಟೇ ಕೊಡಿ ಎನ್ನುತ್ತಾರೆ, ಇಷ್ಟು ದಿನ ಎಂದು ಗಡುವು ಹಾಕುತ್ತಾರೆ. ನಾನು ಅದರ ಪರಿಣಾಮಗಳನ್ನು ಒಂದೊಂದಾಗಿ ಹೇಳಿಕೊಡುತ್ತೇನೆ, ಕುತ್ತಿಗೆಯದನ್ನು ಎಲ್ಲಕ್ಕಿಂತ ಮೊದಲು.

ಹೋದ ದತ್ತ ಜಯಂತಿಗೆ ಗಾಣಗಾಪುರಕ್ಕೆ ಹೋಗಿದ್ದಾಗ ಅವಳನ್ನು ಬೀದಿಯಲ್ಲಿ ಕಂಡೆ. ಜೋಳಿಗೆ ಹಿಡಿದಿದ್ದಳು. ಒಂದು ಮನೆಯ ಮುಂದೆ ನಿಂತಾಗ ಮುದುಕಿಯೊಬ್ಬಳು ರೊಟ್ಟಿಯನ್ನೂ ಅದರ ಮೇಲೆ ಒಂದಿಷ್ಟು ಪುಂಡಿಪಲ್ಯವನ್ನೂ ನೀಡಿದಳು. ಅವಳು ಕಟ್ಟೆಯ ಮೇಲೆ ಕೂತು, ಏನನ್ನೂ ನೋಡದೆ, ಮೂಸದೆ ಉಂಡಳು. ತಾಯಿ ನಾಲ್ಕು ಮಾರು ದೂರದಲ್ಲಿ ನಿಂತು ಅದನ್ನೇ ನೋಡುತ್ತಿದ್ದಳು. ಅವಳ ಚೀಲದಲ್ಲಿ ಮನೆಯಿಂದ ಕಟ್ಟಿ ತಂದ ಬುತ್ತಿ ಇತ್ತು. ಬಿಚ್ಚಿರಲಿಲ್ಲ.